ಒಂದು ಮೊರ ನುಚ್ಚು

ನಮ್ಮ ಕಡೆ ದೊಡ್ಡವರಿಗೆ ಹೊತ್ತು ಹೋಗದಿದ್ದರೆ ಮಕ್ಕಳನ್ನು ಹಿಡಿದು ಹೇಳುವ ಒಂದು ಮಾತಿದೆ: "ನೀನು ನಮ್ಮ ಕೂಸಲ್ಲ ಕಣ್ಲಾ, ತೌಡು ಕೊಟ್ಟು ತಂದುದ್ದು." ಮಗು ಮೂತಿ ಊದಿಸಿಕೊಳ್ಳುತ್ತದೆ, ಸುತ್ತ ಇದ್ದವರು ನಗುತ್ತಾರೆ, ಕೊನೆಗೆ ತಾಯಿ ಬಂದು ಎತ್ತಿಕೊಂಡು ಅದೆಲ್ಲ ಸುಳ್ಳು ಎಂದು ಮುದ್ದು ಮಾಡುತ್ತಾಳೆ. ನನ್ನ ಪಾಲಿಗೆ ಈ ಆಟದ ಕೊನೆಯ ಭಾಗ ಇರಲಿಲ್ಲ. ನನ್ನನ್ನು ನಿಜವಾಗಿಯೂ ಮಾರಿದ್ದರು. ತೌಡಿಗಲ್ಲ, ನುಚ್ಚಿಗೆ.

ಇದನ್ನು ಕೇಳಿದವರು ಅಯ್ಯೋ ಎನ್ನುತ್ತಾರೆ. ಅಯ್ಯೋ ಎನ್ನುವಂಥದ್ದೇನೂ ಇಲ್ಲ. ನನಗಿಂತ ಮುಂಚೆ ಅವ್ವನಿಗೆ ಹುಟ್ಟಿದ್ದ ಎರಡು ಕೂಸುಗಳು ಹೆಸರಿಡುವ ಮೊದಲೇ ತೀರಿಕೊಂಡಿದ್ದವು. ಮೂರನೆಯದಾಗಿ ನಾನು ಹುಟ್ಟಿದಾಗ, ಅಪ್ಪನ ತಾಯಿ, ಅಂದರೆ ನನ್ನ ಅಜ್ಜಿ, ಇದೊಂದನ್ನಾದರೂ ಉಳಿಸಿಕೊಳ್ಳಬೇಕೆಂದು ಹಟ ತೊಟ್ಟಳು. ಅವಳ ಪ್ರಕಾರ ಸಾವು ನಮ್ಮ ಮನೆಯ ದಾರಿ ಕಲಿತುಬಿಟ್ಟಿತ್ತು. ಅದಕ್ಕೆ ದಾರಿ ತಪ್ಪಿಸಬೇಕೆಂದರೆ ಕೂಸನ್ನು ಬೇರೆಯವರಿಗೆ ಮಾರಿಬಿಡಬೇಕು. ಮಾರಿದ ಮೇಲೆ ಅದು ನಮ್ಮದಲ್ಲ, ನಾವು ಬರೀ ಸಾಕುವವರು. ಬೇರೆಯವರ ಸ್ವತ್ತಿನ ತಂಟೆಗೆ ಸಾವು ಬರುವುದಿಲ್ಲ ಎಂಬುದು ಲೆಕ್ಕಾಚಾರ. ಗಾವಡಗೆರೆ ಹೋಬಳಿಯ ನಮ್ಮ ಹಳ್ಳಿಯಲ್ಲಿ ಹೀಗೆ ಮಾರಿಸಿಕೊಂಡವರು ನಾನೊಬ್ಬಳೇ ಅಲ್ಲ. ಆದರೆ ಉಳಿದವರನ್ನೆಲ್ಲ ಪಕ್ಕದ ಮನೆಗೋ ಸೋದರತ್ತೆಗೋ ಮಾರಿ, ವರ್ಷ ತಿರುಗುವಷ್ಟರಲ್ಲಿ ವಾಪಸ್ಸು ಕೊಂಡು ಮುಗಿಸಿದ್ದರು. ನಮ್ಮ ಅಜ್ಜಿ ಯಾವುದನ್ನೂ ಅರ್ಧಂಬರ್ಧ ಮಾಡಿದವಳಲ್ಲ. ನಮ್ಮವರಿಗೇ ಮಾರಿದರೆ ಸಾವು ಪತ್ತೆ ಹಚ್ಚುತ್ತದೆ ಎಂದು ಅವಳು ಹುಣಸೂರಿನಿಂದ ಬಳೆ ಮಾರಲು ಬರುತ್ತಿದ್ದ ಸಾಬರ ಹೆಂಗಸಿಗೆ ನನ್ನನ್ನು ಮಾರಿದಳು.

ಊರಿನವರೆಲ್ಲ ಆಕೆಯನ್ನು ಬೂಬಮ್ಮ ಎನ್ನುತ್ತಿದ್ದರು. ನಮ್ಮ ಕಡೆ ಸಾಬರ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆಯೇ. ಆಕೆ ಹೆತ್ತ ಮಕ್ಕಳೆಲ್ಲ ಗುಂಡುಕಲ್ಲಿನಂತೆ ಉಳಿದಿದ್ದರು, ಅಜ್ಜಿಗೆ ಬೇಕಿದ್ದ ಅರ್ಹತೆ ಅದೊಂದೇ. ಪುರುಡು ಕಳೆದ ದಿನ ಬೂಬಮ್ಮ ಹೆಗಲ ಮೇಲೆ ಬಳೆಯ ಮಲಾರ ಹೊತ್ತುಕೊಂಡು ನಮ್ಮ ಬೀದಿಗೆ ಬಂದಾಗ, ಅಜ್ಜಿ ನನ್ನನ್ನು ಮೊರದಲ್ಲಿ ಮಲಗಿಸಿ ಹಿತ್ತಿಲ ತಿಪ್ಪೆಯ ಮೇಲೆ ಇಟ್ಟಿದ್ದಳಂತೆ. ಬೂಬಮ್ಮ ಬಂದು, "ಯಾರ್ದು ಇದು, ತಿಪ್ಪೆ ಮೇಲೆ ಬಿಸಾಕಿದ್ದೀರಿ?" ಎಂದು ಕೇಳಬೇಕು. ಅವ್ವ, "ಯಾರ್ದೋ ಏನೋ, ಬೇಕಾದ್ರೆ ತಗೊಂಡೋಗಿ" ಎನ್ನಬೇಕು. ಹಾಗೇ ಆಯಿತು. ಆಗೆಲ್ಲ ಹಳ್ಳಿಯವರು ಬಳೆಗೆ ದವಸ ಕೊಡುವುದೂ ಇತ್ತು. ಅವತ್ತು ಬೆಳಿಗ್ಗೆ ಯಾರ ಮನೆಯಲ್ಲೋ ಬಳೆ ತೊಡಿಸಿದ್ದಕ್ಕೆ ಸಿಕ್ಕಿದ ಅಕ್ಕಿನುಚ್ಚು ಆಕೆಯ ಚೀಲದಲ್ಲಿತ್ತು. ನನ್ನನ್ನು ಎತ್ತಿಕೊಂಡು, ಖಾಲಿಯಾದ ಮೊರಕ್ಕೆ ಅದನ್ನು ಸುರಿದು, ಬೀದಿಯ ತುದಿಯವರೆಗೆ ನಡೆದು, ಹಿಂದಕ್ಕೆ ಬಂದು ಅವ್ವನ ಮಡಿಲಿಗೆ ಹಾಕಿ, "ನನ್ನ ಮಗೂನ ಚೆನ್ನಾಗಿ ಸಾಕಿ, ಗೌಡ್ತಮ್ಮ" ಎಂದಳಂತೆ. ಶಾಸ್ತ್ರದ ಪ್ರಕಾರ ಆ ನುಚ್ಚನ್ನು ಅವ್ವನೇ ಬೇಯಿಸಿ ಉಣ್ಣಬೇಕಿತ್ತು. ನನ್ನ ಬೆಲೆಯನ್ನು ಗಂಜಿ ಮಾಡಿ, ಉಪ್ಪು ಹಾಕಿಕೊಂಡು ಅವಳು ಉಂಡಳು.

ಅಜ್ಜಿಯ ಸಿದ್ಧಾಂತದಲ್ಲಿ ಒಂದು ಮುಖ್ಯ ಅಂಶವಿತ್ತು. "ಸಾವ್ಗೆ ಕಿವಿ ಅದೆ, ಕಣ್ಣಿಲ್ಲ ಕಣೆ" ಎಂದು ಅವಳು ಅವ್ವನಿಗೆ ಎಚ್ಚರಿಕೆ ಕೊಟ್ಟಿದ್ದಳು. ಹಾಗಾಗಿ ಬಾಯಲ್ಲಿ ಏನು ಬರುತ್ತದೆ ಎನ್ನುವುದೇ ಮುಖ್ಯ. ನನ್ನನ್ನು ವಾಪಸ್ಸು ಕೊಳ್ಳುವವರೆಗೆ ಅವ್ವ ನನ್ನನ್ನು ಮಗಳೆಂದು ಕರೆಯುವಂತಿಲ್ಲ. ನಾನು ದೊಡ್ಡವಳಾದ ಮೇಲೆ, ಮದುವೆಗೆ ಮುಂಚೆ, ಅದೇ ಬೂಬಮ್ಮನಿಗೆ ಅಷ್ಟೇ ನುಚ್ಚು ಕೊಟ್ಟು ಬಿಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಕೇಳಿದವರಿಗೆಲ್ಲ ಇದು ನಮ್ಮದಲ್ಲ ಎನ್ನಬೇಕು.

ಅವ್ವ ಈ ಕಟ್ಟಳೆಯನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದಳೆಂದರೆ, ದೇವರಿಗೆ ಬಿಟ್ಟ ಹಸುವಿನ ಬಗ್ಗೆ ಮಾತನಾಡುವಂತೆ ನನ್ನ ಬಗ್ಗೆ ಮಾತನಾಡುತ್ತಿದ್ದಳು. ನನಗಿಂತ ಮೂರು ವರ್ಷಕ್ಕೆ ಚಿಕ್ಕವನಾದ ತಮ್ಮ "ಮಗಾ" ಆಗಿದ್ದ, "ನನ್ನಪ್ಪಾ" ಆಗಿದ್ದ, ಸಿಟ್ಟು ಬಂದಾಗಲೂ "ಏನ್ಲಾ ಮಗನೆ" ಆಗಿದ್ದ. ನಾನು ಬರೀ "ಏ ಎಣ್ಣೆ", ಅಂದರೆ ಹೆಣ್ಣೇ. ಅಪ್ಪನಿಗೆ ಇದೆಲ್ಲ ನೆನಪಿರುತ್ತಿರಲಿಲ್ಲ. ಬಾಯಿ ತಪ್ಪಿ "ನನ್ ಮಗಳು" ಎಂದಾಗಲೆಲ್ಲ ಅವ್ವ ಮೂರು ಸಲ ಥೂ ಥೂ ಎಂದು ಉಗಿದು, ಗಾಳಿಗೆ ಕೇಳುವಂತೆ, "ಬೂಬಮ್ಮನ ಕೂಸು ಅದು" ಎಂದು ತಿದ್ದುತ್ತಿದ್ದಳು. ಇನ್ನೊಂದು ತಾಪತ್ರಯವೆಂದರೆ ನನ್ನ ಮೂಗು. ಅವ್ವನ ಮೂಗು ತುದಿಯಲ್ಲಿ ಸ್ವಲ್ಪ ಎಡಕ್ಕೆ ವಾಲಿದೆ, ನನ್ನದೂ ಹಾಗೆಯೇ. ಯಾರಾದರೂ "ಥೇಟ್ ಅವ್ವನ್ ಮೂಗು" ಎಂದರೆ ಸಾಕು, ಅವ್ವ ಸರಕ್ಕನೆ ಸೆರಗಿನಿಂದ ನನ್ನ ಮುಖ ಮುಚ್ಚಿಬಿಡುತ್ತಿದ್ದಳು. ಸಾವಿಗೆ ಕಣ್ಣಿಲ್ಲ ನಿಜ, ಆದರೆ ಇಂಥ ಮಾತು ಅದರ ಕಿವಿಗೆ ಬಿದ್ದರೆ? ಹಳೆಯ ಸೀರೆಯ ಹೊಗೆ ವಾಸನೆಯ ಕತ್ತಲೆಯಲ್ಲಿ ಮೂಗು ಮುಚ್ಚಿಸಿಕೊಂಡು ಕೂತದ್ದು ನನ್ನ ಮೊದಲ ನೆನಪುಗಳಲ್ಲೊಂದು.

ಮಕ್ಕಳು ಸಿಕ್ಕಿದ್ದರಲ್ಲೇ ಮನೆ ಕಟ್ಟಿಕೊಳ್ಳುತ್ತವೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಪ್ರೈಮರಿ ಶಾಲೆಯಲ್ಲಿದ್ದಾಗ, ನನಗೆ ಇದರಿಂದ ದುಃಖಕ್ಕಿಂತ ಜಂಬವೇ ಹೆಚ್ಚಿತ್ತು. ಉಳಿದವರಿಗೆ ಒಂದು ಮನೆ, ನನಗೆ ಎರಡು. ಅದರಲ್ಲಿ ಒಂದು ಪೇಟೆಯಲ್ಲಿ. ಬೂಬಮ್ಮ ಬಂದ ದಿನ ನಾನು ಶಾಲೆಗೆ ಹೋಗುತ್ತಿರಲಿಲ್ಲ. ಆಕೆ ಜಗುಲಿಯ ಮೇಲೆ ಮಲಾರ ಬಿಚ್ಚಿ, ಮೊದಲು ನನ್ನನ್ನು ಕರೆದು, ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡುತ್ತಿದ್ದಳು. "ನನ್ನ ಮಾಲು ಹೆಂಗಿದೆ ಗೌಡ್ತಮ್ಮ? ಹಾಲು ಮೊಸರು ಕೊಡ್ತಿದ್ದೀರಾ ಇಲ್ವಾ?" ಎಂದು ಅವ್ವನನ್ನು ದಬಾಯಿಸುವಳು. ಅವ್ವ ಕೈಕಟ್ಟಿ ನಿಂತು ವರದಿ ಒಪ್ಪಿಸುವಳು. ಆಮೇಲೆ ಬೂಬಮ್ಮ ಅತಿ ಚಿಕ್ಕ ಅಳತೆಯ ಬಳೆಗಳನ್ನು ಆರಿಸಿ, ಒಂದಕ್ಕೊಂದು ಮೆಲ್ಲಗೆ ತಾಗಿಸಿ ಸದ್ದು ಕೇಳಿ, "ಬಿರುಕಿಲ್ಲ" ಎಂದು ತನಗೆ ತಾನೇ ಹೇಳಿಕೊಂಡು, ನನ್ನ ಬೆರಳ ಗಿಣ್ಣುಗಳನ್ನು ಒತ್ತಿ ಒತ್ತಿ ತೊಡಿಸುತ್ತಿದ್ದಳು. ಬೇರೆ ಹುಡುಗಿಯರ ಮನೆಯವರು ದವಸ ಅಳೆಯುತ್ತಿದ್ದರು. ನನಗೆ ಪುಕ್ಕಟೆ. ಶಾಲೆಯಲ್ಲಿ ನಾನು ಕೈ ಆಡಿಸಿಕೊಂಡೇ ಮಗ್ಗಿ ಹೇಳುತ್ತಿದ್ದೆ.

ಅಜ್ಜಿ ತೀರಿಕೊಂಡ ಮೇಲೆ ಬೂಬಮ್ಮ ಬರುವುದು ಕಮ್ಮಿಯಾಯಿತು. ಬಳೆಗೆ ಜನ ಹುಣಸೂರಿನ ಅಂಗಡಿಗೇ ಹೋಗತೊಡಗಿದ್ದರು. ಅದೇ ಹೊತ್ತಿಗೆ ಒಂದು ದಿನ, ನನಗಾಗ ಹತ್ತು ವರ್ಷವಿರಬೇಕು, ತಮ್ಮನ ಜೊತೆ ಜಗಳವಾಯಿತು. ಹೊಗೆಸೊಪ್ಪಿನ ಕಾಲ. ಅವ್ವ ಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದಳು, ಕೈಯೆಲ್ಲ ಕಪ್ಪು ಅಂಟು. ತಮ್ಮ ನನ್ನ ಬಳೆ ಒಡೆದಿದ್ದ. ನಾನು ಅವನಿಗೆ ಬಾರಿಸಿದೆ. ಅವ್ವ ಕೂತಲ್ಲಿಂದಲೇ, "ನನ್ ಮಗನ್ನ ಯಾಕೆ ವಡುದ್ಯೇ?" ಎಂದು ಕೂಗಿದಳು. ನಾನು ಕಾದೆ. ನನ್ನ ಮಗಳ ಬಳೆ ಯಾಕೆ ಒಡೆದೆ ಎಂದು ಅವನಿಗೂ ಒಂದು ವಾಕ್ಯ ಬರಬಹುದೆಂದು ಕಾದೆ. ಅದು ಬರಲಿಲ್ಲ. ನಾನು ಒಳಗೆ ಹೋಗಿ ಲಂಗ ಬದಲಾಯಿಸಿ, ಸಂತೆಗೆ ಹೊರಟಿದ್ದ ಪಕ್ಕದ ಮನೆಯವರ ಹಿಂದೆ ಅವರ ಮಗುವಿನಂತೆ ಬಸ್ಸು ಹತ್ತಿ, ಹುಣಸೂರಿಗೆ ನನ್ನ ಇನ್ನೊಂದು ಮನೆಗೆ ಹೋದೆ.

ಮಸೀದಿಯ ಹಿಂದಿನ ಓಣಿ ಎಂದು ಬೂಬಮ್ಮ ಹೇಳಿದ್ದು ನೆನಪಿತ್ತು. ಕೇಳಿಕೊಂಡು ಹೋದೆ. ಚಿಕ್ಕ ಮನೆ. ಬಾಗಿಲಲ್ಲಿ ಗೋಣಿಯ ಪರದೆ. ಒಳಗೆ ಬೂಬಮ್ಮನ ಹೆಣ್ಣುಮಕ್ಕಳು ಚಾಪೆಯ ಮೇಲೆ ಕೂತು ಬಳೆಗಳನ್ನು ಡಜನ್ನು ಮಾಡಿ ದಾರ ಕಟ್ಟುತ್ತಿದ್ದರು. ಬೂಬಮ್ಮ ನನ್ನನ್ನು ಕಂಡು ಗಾಬರಿಯಾದಳು, ಆಮೇಲೆ ಕೈಕಾಲು ತೊಳೆಸಿ, ಅನ್ನ ಬೇಳೆಸಾರು ಬಡಿಸಿ, ಪಕ್ಕದಲ್ಲಿ ಕೂತು ತಿನ್ನಿಸಿದಳು. ಅಷ್ಟರಲ್ಲಿ ನೆರೆಮನೆಯಾಕೆ ಪರದೆ ಸರಿಸಿ ಇಣುಕಿ, ಈ ಹುಡುಗಿ ಯಾರು ಎಂದು ಕೇಳಿದಳು. ನಾನು ತುತ್ತು ಬಾಯಲ್ಲಿಟ್ಟುಕೊಂಡು ಕಿವಿ ನಿಮಿರಿಸಿದೆ.

"ಹಳ್ಳಿ ಗೌಡರ ಮಗಳು," ಎಂದಳು ಬೂಬಮ್ಮ.

ಅಷ್ಟೇ. ಆಕೆಯ ಮಕ್ಕಳು ತಲೆ ಎತ್ತಿ ನನ್ನನ್ನು ನೋಡಿ ಮತ್ತೆ ದಾರ ಕಟ್ಟತೊಡಗಿದರು. ಅವರೆಲ್ಲರ ಮುಖ ಒಂದೇ ತರಹ ಇತ್ತು, ಅಗಲ ಹಣೆ, ದಪ್ಪ ಹುಬ್ಬು. ನಾನು ಎಡಗೈಯಿಂದ ನನ್ನ ಮೂಗು ಮುಟ್ಟಿ ನೋಡಿಕೊಂಡೆ. ಅಲ್ಲಿ ನಾನು ಬೂಬಮ್ಮನ ಕೂಸು, ಇಲ್ಲಿ ಗೌಡರ ಮಗಳು. ಎರಡೂ ಕಡೆ ನನ್ನನ್ನು ಇನ್ನೊಂದು ಕಡೆಯವರ ಲೆಕ್ಕಕ್ಕೆ ಬರೆದಿದ್ದರು. ಅನ್ನ ಪೂರ್ತಿ ಉಂಡೆ, ತಟ್ಟೆ ನಾನೇ ತೊಳೆದಿಟ್ಟೆ. ಸಂಜೆಯೊಳಗೆ ಅಪ್ಪ ಹುಡುಕಿಕೊಂಡು ಬಂದು, ಬೂಬಮ್ಮನಿಗೆ ಕೈ ಮುಗಿದು, ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟ. ದಾರಿಯಲ್ಲಿ ಬಯ್ಯಲಿಲ್ಲ. "ಊಟ ಆಯ್ತಾ ಮಗ?" ಎಂದು ಮಾತ್ರ ಕೇಳಿದ.

ಅವತ್ತಿನಿಂದ ನಾನು ನಮ್ಮ ಮನೆಯಲ್ಲಿ ನೆಂಟಳಂತೆ ಬದುಕತೊಡಗಿದೆ. ಇದನ್ನು ಯಾರೂ ಹೇಳಿಕೊಡಲಿಲ್ಲ. ಎದ್ದ ತಕ್ಷಣ ಚಾಪೆ ಸುತ್ತಿಡುತ್ತಿದ್ದೆ. ಎರಡನೇ ಮುದ್ದೆ ಕೇಳುತ್ತಿರಲಿಲ್ಲ. ಹಬ್ಬಕ್ಕೆ ಯಾವ ಬಣ್ಣದ ಬಟ್ಟೆ ಬೇಕು ಎಂದರೆ, ಯಾವುದಾದರೂ ಸರಿ ಎನ್ನುತ್ತಿದ್ದೆ. ಊರಿನವರೆಲ್ಲ ಎಂಥ ಒಳ್ಳೆಯ ಹುಡುಗಿ ಎಂದು ಹೊಗಳಿದರು. ಒಳ್ಳೆಯತನವಲ್ಲ ಅದು, ಬಾಡಿಗೆದಾರರ ಜಾಗ್ರತೆ. ಹೈಸ್ಕೂಲಿನಲ್ಲಿ ಮಾತ್ರ ನಾನು ಜೋರಾಗಿದ್ದೆ. ಓದಿದ್ದು ಯಾರದ್ದೂ ಅಲ್ಲ, ನನ್ನದೇ ಎನ್ನಿಸುತ್ತಿತ್ತು. ಗೆಳತಿಯರು ಮನೆಯ ಬಗ್ಗೆ ಮಾತನಾಡುವಾಗ ಎದ್ದು ನೀರು ಕುಡಿಯಲು ಹೋಗುತ್ತಿದ್ದೆ. ಕ್ರಮೇಣ ಯಾವುದಕ್ಕೂ ದೂರ ನಿಂತು ನೋಡುವುದು ನನ್ನ ಸ್ವಭಾವವೇ ಆಯಿತು. ಅದರಿಂದ ಕೆಲವು ಲಾಭಗಳೂ ಇವೆ, ಈಗ ಬರೆಯುವಾಗ ಉಪಯೋಗಕ್ಕೆ ಬರುತ್ತಿದೆ.

ಎಂಟನೇ ಕ್ಲಾಸಿನಲ್ಲಿ ನನಗೆ ಕೆಟ್ಟ ಜ್ವರ ಬಂದು ಹುಣಸೂರಿನ ಆಸ್ಪತ್ರೆಗೆ ಸೇರಿಸಿದರು. ಅವ್ವ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತಿರುತ್ತಿದ್ದಳು. ಎಷ್ಟು ಹೊತ್ತಿಗೆ ಕಣ್ಣು ಬಿಟ್ಟರೂ ಕೂತೇ ಇರುತ್ತಿದ್ದಳು. ಒಂದು ಬೆಳಿಗ್ಗೆ ಹೊಸದಾಗಿ ಬಂದ ನರ್ಸಮ್ಮ ಕೇಳಿದರು: "ನೀವೇನಮ್ಮ ಆಗ್ಬೇಕು ಈ ಹುಡುಗಿಗೆ?"

"ನಾನೇನೂ ಆಗ್ಬೇಕಿಲ್ಲ ಕಣ್ರವ್ವ," ಎಂದಳು ಅವ್ವ, ಗಟ್ಟಿಯಾಗಿ, ವಾರ್ಡಿನ ಗೋಡೆಗೆಲ್ಲ ಕೇಳುವಂತೆ. "ಈ ಕೂಸು ನಮ್ದಲ್ಲ. ಸುಮ್ಕೆ ಸಾಕ್ಕೊಂಡಿವ್ನಿ."

"ನಿಮ್ದಲ್ಲದ ಮಗೂಗೆ ಹಿಂಗೆ ಅಳ್ತೀರಲ್ಲಮ್ಮ?" ಎಂದರು ನರ್ಸಮ್ಮ.

ನಾನು ಕಣ್ಣು ಮುಚ್ಚಿಕೊಂಡಿದ್ದೆ. ನರ್ಸಮ್ಮನ ಮಾತು ನನಗೆ ಕೇಳಿಸಿತು, ಆದರೆ ಕಿವಿಯಲ್ಲಿ ನಿಂತದ್ದು ಅವ್ವನ ಮಾತು. ಅವಳು ಹೆದರಿ ಹಾಗೆ ಹೇಳಿದಳೆಂದು ನನಗೆ ಆಗಲೂ ಗೊತ್ತಿತ್ತು. ಸಾವು ಆ ವಾರ್ಡಿನಲ್ಲಿ ಅಡ್ಡಾಡುತ್ತಿದೆ ಎಂದು ಅವಳು ನಂಬಿದ್ದಳು. ಗೊತ್ತಿದ್ದರೂ ಸಂಕಟವಾಯಿತು. ಸಾಯುವ ಹೊತ್ತಿಗಾದರೂ ಒಂದು ಸಲ ಮಗಳೇ ಎನ್ನಬಾರದೆ ಎಂದು ಮುಖ ಗೋಡೆಯ ಕಡೆ ತಿರುಗಿಸಿ ಅತ್ತೆ.

ಸಾಯಲಿಲ್ಲ. ಅವ್ವನ ಪ್ರಕಾರ ಅವಳ ಮಾತಿನಿಂದಲೇ ಉಳಿದೆ. ಡಾಕ್ಟರ ಪ್ರಕಾರ ಬೇರೆ ಕಾರಣಗಳಿರಬಹುದು.

ನಾನು ದೊಡ್ಡವಳಾದ ಮೇಲೆ ಅವ್ವ ವಾಪಸ್ಸು ಕೊಳ್ಳುವ ಮಾತು ತೆಗೆದಳು. ಅಪ್ಪ, "ನೋಡಣ ಬುಡು, ಸೊಪ್ಪಿನ ಕೆಲ್ಸ ಮುಗೀಲಿ" ಎಂದ. ನಮ್ಮಲ್ಲಿ ಸೊಪ್ಪಿನ ಕೆಲಸ ಮುಗಿಯಿತು ಎಂಬುದೇ ಇಲ್ಲ. ನಾಟಿ, ಕೀಳುವುದು, ಬೇಯಿಸುವುದು, ಗ್ರೇಡು ಮಾಡುವುದು, ಮಾರುವುದು, ಮತ್ತೆ ಸಸಿಮಡಿ. ಅಷ್ಟರಲ್ಲಿ ಬೂಬಮ್ಮನ ಸಂಸಾರ ಮಸೀದಿ ಓಣಿಯ ಮನೆ ಖಾಲಿ ಮಾಡಿತ್ತು. ಪಿರಿಯಾಪಟ್ಟಣಕ್ಕೆ ಹೋದರೆಂದು ಕೆಲವರು, ಮೈಸೂರಿಗೆ ಎಂದು ಕೆಲವರು. ನಾನು ಡಿಗ್ರಿ ಮುಗಿಸಿದೆ. ಎರಡು ಸಾವಿರ ದಾಟಿ ಒಂದೆರಡು ವರ್ಷವಾಗಿತ್ತು. ಭೇರ್ಯದ ಕಡೆಯ ಗದ್ದೆಯ ಜನ ಹೆಣ್ಣು ನೋಡಲು ಬಂದರು, ಒಪ್ಪಿದರು. ಹುಡುಗ ನನ್ನ ಜೊತೆ ಮಾತನಾಡಿದಾಗ ನಿಮಗೆ ಏನಿಷ್ಟ ಎಂದು ಕೇಳಿದ. ಯಾವುದಾದರೂ ಸರಿ ಎಂದೆ.

ವೀಳ್ಯಶಾಸ್ತ್ರದ ದಿನ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಹಿರಿಯರು ಕೂತಿದ್ದರು. ಧಾರೆ ಎರೆಯುವವರು ಯಾರು, ಅಪ್ಪ ಅವ್ವನೇ ತಾನೆ, ಎಂದು ಗಂಡಿನ ದೊಡ್ಡಪ್ಪ ರೂಢಿಯ ಮಾತು ಕೇಳಿದರು. ಅದಕ್ಕೆ ಉತ್ತರ ಯಾರೂ ಹೇಳಬೇಕಾಗಿರಲಿಲ್ಲ. ಆದರೆ ಬಾಗಿಲ ಮರೆಯಲ್ಲಿದ್ದ ಅವ್ವ ಮುಂದೆ ಬಂದಳು.

"ನಾವು ಧಾರೆ ಎರಿಯಂಗಿಲ್ಲ ಕಣ್ರಪ್ಪ. ಎಣ್ಣು ನಮ್ದಲ್ಲ."

ಗಂಡಿನ ಕಡೆಯವರು ಮುಖ ಮುಖ ನೋಡಿಕೊಂಡರು. ಅಪ್ಪ ಎದ್ದು ನಿಂತು ನುಚ್ಚಿನ ಕತೆ ಹೇಳಿ ಮುಗಿಸುವಷ್ಟರಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವರ ಕಡೆಯಲ್ಲೂ ಹೀಗೆ ಮಾರಿದ ಒಬ್ಬ ಮಾವ ಇದ್ದನಂತೆ. ಯಾವಳಾದರೂ ಸಾಬರ ಹೆಂಗಸಿನ ಕೈಗೆ ಇಷ್ಟು ನುಚ್ಚು ಹಾಕಿ ಶಾಸ್ತ್ರ ಮುಗಿಸಿ ಎಂದು ದೊಡ್ಡಪ್ಪ ಸಲಹೆ ಕೊಟ್ಟರು. ಅವ್ವ ನಗಲಿಲ್ಲ. "ಕೊಂಡೋಳೇ ಕೊಡ್ಬೇಕು," ಎಂದಳು. "ಕಂಡೋರ ಸ್ವತ್ತ ನೀರ್ ಬುಟ್ಟು ದಾನ ಮಾಡಿ, ನಾಳಿಕ್ ಈ ಕೂಸ್ಗೆ ಏನಾರ ಆದ್ರೆ ಯಾರ್ ಒಣೆ? ಬೂಬಮ್ಮ ಸಿಗಗಂಟ ನಾನು ಧಾರೆ ಗಿಂಡಿ ಮುಟ್ಟಾಕಿಲ್ಲ." ಅಪ್ಪ ರೇಗಿದ. ಅವ್ವನಿಗೆ ಹುಚ್ಚು ಎಂದ ನನ್ನ ತಮ್ಮ. ಹಿರಿಯರ ಮುಂದೆ ಬಾಯಿ ಬಿಡದ ಹೆಂಗಸು ಅವತ್ತು ಬಾಗಿಲಿಗೆ ಅಡ್ಡ ನಿಂತು ಅಲುಗಾಡಲಿಲ್ಲ. ನಾನು ಒಳಕೋಣೆಯಲ್ಲಿ ರೇಷ್ಮೆ ಸೀರೆ ಉಟ್ಟು ಕೂತು ಇದನ್ನೆಲ್ಲ ಕೇಳುತ್ತಿದ್ದೆ. ನಾಚಿಕೆಯಿಂದ ನೆಲಕ್ಕಿಳಿದು ಹೋಗುವಂತಾಗಿತ್ತು. ಇಷ್ಟು ಜನರ ಮುಂದೆ ಇನ್ನೊಮ್ಮೆ ನಮ್ಮದಲ್ಲ ಎನ್ನಿಸಿಕೊಂಡಿದ್ದೆ. ಬೂಬಮ್ಮ ಸತ್ತಿದ್ದರೆ ನಾನು ಆಯುಸ್ಸಿಡೀ ಹೀಗೇ ಉಳಿಯಬೇಕು.

ಹುಡುಕಾಟಕ್ಕೆ ಹೆಚ್ಚು ದಿನ ಹಿಡಿಯಲಿಲ್ಲ. ಇಷ್ಟು ವರ್ಷ ಯಾರೂ ಸರಿಯಾಗಿ ಹುಡುಕಿರಲಿಲ್ಲ, ಅಷ್ಟೆ. ಹುಣಸೂರಿನ ಒಂದು ಬಳೆ ಅಂಗಡಿಯಲ್ಲಿ ಕೇಳಿದಾಗ, ಆಕೆ ಕೋಟೆಯಲ್ಲಿ ಕಿರಿಮಗಳ ಮನೆಯಲ್ಲಿದ್ದಾಳೆಂದು ತಿಳಿಯಿತು. ಎಚ್.ಡಿ.ಕೋಟೆಯನ್ನು ನಾವು ಕೋಟೆ ಎನ್ನುವುದು. ಅಪ್ಪ ಬರುವುದಿಲ್ಲ ಎಂದ. ಅವ್ವ ಅಕ್ಕಿನುಚ್ಚನ್ನು ಕೇರಿ, ಕಲ್ಲು ಆರಿಸಿ, ಬಿಳಿ ಪಂಚೆಯಲ್ಲಿ ಗಂಟು ಕಟ್ಟಿಕೊಂಡಳು. ಅದೇ ಹಳೆಯ ಮೊರವನ್ನು ಅಟ್ಟದಿಂದ ಇಳಿಸಿ ಸೆಗಣಿ ಸಾರಿಸಿ ಒಣಗಿಸಿದ್ದಳು. ಬಸ್ಸಿನಲ್ಲಿ ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಳು. ನಮ್ಮಿಬ್ಬರಿಗೆ ಮಾತಾಡಿ ಅಭ್ಯಾಸವಿರಲಿಲ್ಲ.

ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮುಂದೆ ಬಳೆ ಅಂಗಡಿ, ಹಿಂದೆ ಮನೆ. ನಡುಮನೆಯಲ್ಲಿ ಚಾಪೆಯ ಮೇಲೆ ಬೂಬಮ್ಮ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದಳು. ತೀರಾ ಸಣ್ಣಗಾಗಿದ್ದಳು, ಕಣ್ಣು ಮಂಜಾಗಿತ್ತು. ಅವ್ವ ಎದುರು ಕೂತು ನಮ್ಮೂರಿನ ಹೆಸರು ಹೇಳಿದಳು. ಬೂಬಮ್ಮ ತಲೆಯಾಡಿಸಿದಳು, ಗುರುತು ಸಿಕ್ಕಂತೆ ಕಾಣಲಿಲ್ಲ. ನನ್ನ ಕೈ ಎಳೆದುಕೊಂಡು ಬೆರಳ ಗಿಣ್ಣು ಒತ್ತಿದಳು. ಕತೆಗಳಲ್ಲಾದರೆ ಬಳೆಗಾರ್ತಿ ಕೈ ಮುಟ್ಟಿಯೇ ಗುರುತು ಹಿಡಿಯಬೇಕು. "ಗೊತ್ತಾಗಲ್ಲಮ್ಮ," ಎಂದಳು ಬೂಬಮ್ಮ. "ಕೈ ಬೆಳೀತದಲ್ಲ, ಹೆಂಗೆ ಗೊತ್ತಾಗ್ಬೇಕು?" ಅವ್ವನ ಮುಖ ಬಿಳಿಚಿಕೊಂಡಿತು. ಅವಳು ಗಂಟು ಬಿಚ್ಚಿ ನುಚ್ಚನ್ನು ಮೊರಕ್ಕೆ ಸುರಿದಳು. ಆ ಸದ್ದಿಗೆ ಬೂಬಮ್ಮ ತಲೆಯೆತ್ತಿ, ಕೈ ಚಾಚಿ, ನುಚ್ಚನ್ನು ಬೆರಳಲ್ಲಿ ಆಡಿಸಿದಳು.

"ಅರೆ! ನುಚ್ಚಿನ ಮಗುನಾ?" ಎಂದಳು. "ಆ ನುಚ್ಚು ಅವತ್ತು ನಮ್ಮನೆ ಊಟಕ್ಕೆ ಅಂತ ಇಟ್ಕೊಂಡಿದ್ದೆ ಕಣಮ್ಮ. ನಿಮ್ಮತ್ತೆ ಬಿಡ್ಲಿಲ್ಲ, ಪೂರಾ ಸುರಿಸ್ಕೊಂಡ್ರು. ಮನೆಗೆ ಹೋದ್ರೆ ನಮ್ಮ ಯಜಮಾನ್ರು, ಇರೋ ಮಕ್ಕಳು ಸಾಲ್ದು ಅಂತ ಇನ್ನೊಂದು ಕೊಂಡ್ಕೊಂಡು ಬಂದ್ಯಾ ಅಂತ ಬೈದ್ರು."

ಅವ್ವ ಜೀವ ಬಂದವಳಂತೆ ಬಂದ ಕಾರಣ ಹೇಳಿದಳು. ಬೂಬಮ್ಮ ಪೂರ್ತಿ ಕೇಳಿ, ಮೊರವನ್ನು ಸ್ವಲ್ಪ ದೂರ ತಳ್ಳಿದಳು.

"ಕೊಂಡಾಗ ಇದು ಮೊರದಷ್ಟಿತ್ತು. ಈಗ ನೋಡಿ ಎಷ್ಟುದ್ದ ಆಗಿದೆ, ಓದ್ಬೇರೆ ಓದಿದೆ ಅಂತೀರಿ. ಅದೇ ರೇಟಿಗೆ ಕೊಡೋಕಾಗ್ತದಾ?"

ಅದು ತಮಾಷೆ ಎಂದು ನನಗೆ ಗೊತ್ತಾಯಿತು. ಅವ್ವನಿಗೆ ಗೊತ್ತಾಗಲಿಲ್ಲ. "ಒಂದು ಮೂಟೆ ಅಕ್ಕಿ ಕಳುಸ್ಕೊಡ್ತೀನಿ ಬೂಬಮ್ಮ. ರಾಗಿ ಕಳುಸ್ಕೊಡ್ತೀನಿ. ಕೊಟ್ಟುಬುಡಿ," ಎಂದು ಆಕೆಯ ಕೈ ಹಿಡಿದುಕೊಂಡಳು. ನಮ್ಮವ್ವ ಯಾರ ಬಳಿಯೂ ಹಾಗೆ ಬೇಡಿದ್ದನ್ನು ನಾನು ಕಂಡಿರಲಿಲ್ಲ. ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿಕೊಂಡು ಮಲಗಿದ್ದಾಗ ಇದೇ ಮುಖ ನನ್ನ ಪಕ್ಕದಲ್ಲಿತ್ತು. ಅವತ್ತು ನಾನು ನೋಡಿರಲಿಲ್ಲ.

ಬೂಬಮ್ಮ ನಕ್ಕು, ಅವ್ವನ ಕೈ ತಟ್ಟಿ, ನನ್ನ ಕಡೆ ತಿರುಗಿದಳು. "ನೀನು ಹೇಳು. ಹೋಗ್ತೀಯಾ ಇವರ ಜೊತೆ?"

ಮಾರುವಾಗ, ಸಾಕುವಾಗ, ಕರೆಯುವಾಗ, ಒಪ್ಪಿಸುವಾಗ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಕೇಳಿದಾಗ ಯಾವುದಾದರೂ ಸರಿ ಎಂದು ನಾನೇ ಬಾಯಿ ಕಟ್ಟಿಕೊಂಡಿದ್ದೆ. ನನಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯದ ಸಿಟ್ಟು.

"ಇವತ್ತು ಕೇಳ್ತಾ ಇದ್ದೀರಾ?" ಎಂದೆ.

"ಇವತ್ತು ಬಾಯಿ ಬಂದದಲ್ಲ ನಿಂಗೆ," ಎಂದಳು ಬೂಬಮ್ಮ. "ಅವತ್ತು ಬರೀ ಅಳು. ಹೇಳು ಮತ್ತೆ."

"ಓಯ್ತೀನಿ," ಎಂದೆ. ಪಟ್ಟಣದಲ್ಲಿ ಓದಿ ಬಿಟ್ಟುಹೋಗಿದ್ದ ನಮ್ಮೂರಿನ ಮಾತು ತಾನಾಗಿ ಬಾಯಿಗೆ ಬಂದಿತ್ತು. "ಅವ್ವನ ಜೊತೇಲೇ ಓಯ್ತೀನಿ. ನಂಗೆ ಅವ್ಳೇ ಬೇಕು."

ಧ್ವನಿ ಅಗತ್ಯಕ್ಕಿಂತ ಜೋರಾಗಿತ್ತು. ಅಂಗಡಿಯಲ್ಲಿದ್ದ ಮಗಳು ಬಾಗಿಲಿಗೆ ಬಂದು ನೋಡಿದಳು. ಬೂಬಮ್ಮ ನುಚ್ಚನ್ನು ತನ್ನ ಸೆರಗಿಗೆ ಸುರಿದುಕೊಂಡು, ನನ್ನ ಕೈಯನ್ನು ಅವ್ವನ ಕೈಯಲ್ಲಿಟ್ಟಳು. "ತಗೊಳ್ಳಿ ಗೌಡ್ತಮ್ಮ, ಮಾಲು ವಾಪಸ್. ಬಿರುಕಿಲ್ಲ, ನೋಡ್ಕೊಳ್ಳಿ." ನನ್ನ ತಲೆ ಸವರಿ, "ಮಕ್ಕಳಿಗೆ ದುವಾ ಮಾಡುವಾಗ ಇವಳನ್ನೂ ಸೇರಿಸ್ಕೊಂಡು ಮಾಡ್ತಿದ್ದೆ," ಎಂದಳು. "ಇನ್ಮೇಲೆ ನೀವು ನೋಡ್ಕೋಬೇಕು." ಆಮೇಲೆ ಅಂಗಡಿಯಿಂದ ಹಸಿರು ಗಾಜಿನ ಬಳೆ ತರಿಸಿ, ತಾಗಿಸಿ ಸದ್ದು ಕೇಳಿ, ನನ್ನ ಎರಡೂ ಕೈಗೆ ತೊಡಿಸಿದಳು. ಕಣ್ಣು ಮಂಜಾಗಿದ್ದರೂ ಒಂದೂ ಒಡೆಯಲಿಲ್ಲ. ಮದುವೆಗೆ ಬರಲೇಬೇಕೆಂದು ಅವ್ವ ಹೇಳಿದಳು. ಕೊಟ್ಟ ಮೇಲೆ ಬಾರದಿದ್ದರೆ ಹೇಗೆ ಎಂದಳು ಬೂಬಮ್ಮ.

ವಾಪಸ್ಸು ಬರುವ ಬಸ್ಸು ತುಂಬಿತ್ತು. ಹೇಗೋ ಇಬ್ಬರಿಗೆ ಒಂದು ಸೀಟು ಸಿಕ್ಕಿತು. ಅವ್ವ ಖಾಲಿ ಮೊರ ಹಿಡಿದುಕೊಂಡು ಕಿಟಕಿಯ ಕಡೆ ಕೂತಳು. ಇಲ್ಲಿಯವರೆಗೂ ಅವಳು ನನ್ನನ್ನು ಮಗಳೆಂದಿರಲಿಲ್ಲ. ನನಗೂ ನಿರೀಕ್ಷೆ ಇಟ್ಟುಕೊಳ್ಳದಿರುವುದು ಅಭ್ಯಾಸವಾಗಿತ್ತು. ಊರು ದಾಟಿದ ಮೇಲೆ ಕಂಡಕ್ಟರು ಜನರ ನಡುವೆ ನುಸುಳಿಕೊಂಡು ಬಂದು, "ಎಲ್ಲಿಗಮ್ಮ?" ಎಂದ.

"ಉಣುಸೂರ್ಗೆ ಎರಡು ಕೊಡಪ್ಪ," ಎಂದಳು ಅವ್ವ. "ಒಂದು ನಂಗೆ. ಒಂದು ನನ್ ಮಗಳ್ಗೆ." ಕಂಡಕ್ಟರು ಚೀಟಿ ಹರಿಯುತ್ತಿದ್ದ. ಅವನಿ​ಗೆ ಕೇಳಿಸಲಿಲ್ಲವೇನೋ ಎಂದು ಅವ್ವ ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದಳು: "ಇವ್ಳು ನನ್ ಮಗಳು ಕಣಪ್ಪ. ನನ್ ಒಟ್ಟೇಲಿ ಉಟ್ಟುದೋಳು."

ಸುತ್ತ ನಿಂತವರು ತಿರುಗಿ ನೋಡಿದರು. ಕಂಡಕ್ಟರು ಚೀಟಿ ಕೊಡುತ್ತ, "ಅದ್ನೇನ್ ಯೋಳೀಯೆ ಬುಡವ್ವ," ಎಂದ. "ಮೂಗು ನೋಡುದ್ರೆ ಗೊತ್ತಾಗಕಿಲ್ವ?"

ಹೋಲಿಕೆಯ ಮಾತು ಕಿವಿಗೆ ಬಿದ್ದದ್ದೇ ತಡ, ಅವ್ವನ ಕೈ ಇಪ್ಪತ್ತು ವರ್ಷದ ಅಭ್ಯಾಸದಿಂದ ಸೆರಗು ಹಿಡಿದು ನನ್ನ ಮುಖದ ಕಡೆ ಬಂತು. ನಾನು ಕಣ್ಣು ಮುಚ್ಚಿದೆ. ಸೆರಗು ಮುಖಕ್ಕೆ ಬೀಳಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಕೈ ಅರ್ಧದಲ್ಲಿ ನಿಂತಿತ್ತು. ಅವ್ವ ಅದೇ ಸೆರಗಿನಿಂದ ನನ್ನ ಮೂಗಿನ ಮೇಲಿನ ಬೆವರು ಒರೆಸಿದಳು. ಆಮೇಲೆ ನನ್ನ ಗದ್ದ ಹಿಡಿದು, ಹಿಂದಿನ ಸೀಟಿನವರಿಗೂ ಚೆನ್ನಾಗಿ ಕಾಣಲಿ ಎಂದು ಆ ಕಡೆ ತಿರುಗಿಸಿದಳು. ನಾನು ತಿರುಗಿಸಿದ ಕಡೆಗೇ ಮುಖ ಇಟ್ಟುಕೊಂಡು ಕೂತೆ.